ಕಾಳಿಯ ಎರಡನೆಯ ಕಾಯಿಲೆ

ಹೊರಗಿನಿಂದ ಬರುವ ಕಳ್ಳನಿಗಾಗಿ ಕಾವಲಿಡಬಹುದು. ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ಬಗೆದು ಹೊಡೆಯತೊಡಗಿದರೆ ಯಜಮಾನನು ಮಾಡತಕ್ಕುದೇನು? ಪ್ರಾಣಿಶರೀರದಲ್ಲಿಯೂ ಇಂತಹ ವಿಪರೀತವು ಸಂಭವಿಸುವುದುಂಟು. ರೋಗಾಣುಗಳನ್ನು ಕೊಲ್ಲುವುದಕ್ಕೆಂದೇ ಇರುವ ರಕ್ಷಣಾಶಕ್ತಿಯು ಭ್ರಮೆಗೊಂಡು, ತನ್ನ ರಕ್ತದ ಕೆಂಪುಕಣಗಳನ್ನೇ ಪರಕೀಯವೆಂದೆಣಿಸಿ ಗುರುತುಹಾಕುವುದು. ಗುರುತು ಬಿದ್ದ ಕಣಗಳನ್ನು ಪ್ಲೀಹ, ಯಕೃತ್ತುಗಳಲ್ಲಿರುವ ಭಕ್ಷಕಕಣಗಳು ನುಂಗಿಬಿಡುವುವು. ಜರ್ಮನಿಯ ಪಂಡಿತನಾದ ಪೌಲ್ ಏರ್ಲಿಖ್ 1901ರ ಸುಮಾರಿನಲ್ಲಿ ಆಡುಗಳ ಮೇಲೆ ಪ್ರಯೋಗ ನಡೆಯಿಸಿ, ಆಡಿನ ಶರೀರವು ಬೇರೊಂದು ಆಡಿನ ರಕ್ತವನ್ನು ವಿರೋಧಿಸುವುದೇ ಹೊರತು ತನ್ನ ರಕ್ತವನ್ನು ವಿರೋಧಿಸದೆಂದು ಕಂಡನು. ಆ ನಿಯಮವು ತಪ್ಪುವ ಶರೀರಗಳೂ ಇವೆಯೆಂಬುದು ಆಮೇಲೆ ಸ್ಥಿರಪಟ್ಟಿತು. ನಾಯಿಗಳಲ್ಲಿ, ಅದರಲ್ಲಿಯೂ ಕಾಕರ್ ಸ್ಪೇನಿಯಲ್ ಎಂಬ ಜಾತಿಯಲ್ಲಿ, ಈ ವ್ಯಾಧಿಯು ಹೆಚ್ಚು.

ಮೈಸೂರಿನ ಒಂದು ಮನೆಯಲ್ಲಿ ಅಂತಹ ಕರಿಯ ಹೆಣ್ಣುನಾಯಿಯೊಂದಿದೆ. ಯಜಮಾನರು ಲೆಕ್ಕಪತ್ರದ ಕಚೇರಿಯಲ್ಲಿದ್ದು ನಿವೃತ್ತರಾದವರು, ಶಾಸನಗಳಲ್ಲಿ ಆಸಕ್ತಿಯುಳ್ಳವರು. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಅವರಿಗೆ ಬಹು ಪ್ರಿಯವಾದುದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆನ್ನಲು, ಅವನು ಅರಸನ ಬೇಟೆನಾಯಿಯಾದ ಕಾಳಿಯನ್ನು ಬೇಡಿ ಪಡೆದನು. ಆ ಕಾಳಿಯು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಸುಮಾರು ಕ್ರಿ.ಶ. 949-50ರಲ್ಲಿ ಅದಕ್ಕೊಂದು ಕಲ್ಲು ನಿಂತಿತು, ಭೂಮಿಯೂ ದತ್ತವಾಯಿತು. ಆ ಹೆಸರನ್ನೇ ಯಜಮಾನರು ತಮ್ಮ ನಾಯಿಗೂ ಇಟ್ಟರು.

2023ರ ಶ್ರಾವಣದಲ್ಲಿ ಕಾಳಿಗೆ ಮೊದಲ ಸಲ ಕಾಯಿಲೆ ಬಂದಿತು. ಒಸಡು ಸುಣ್ಣದಂತೆ ಬಿಳುಪೇರಿತು. ಮೂತ್ರವು ಕಷಾಯದ ಬಣ್ಣಕ್ಕೆ ತಿರುಗಿತು. ವೈದ್ಯರು ಮೊದಲು ಉಣ್ಣೆಯಿಂದ ಹರಡುವ ರೋಗಾಣುಗಳಿಗಾಗಿ ರಕ್ತವನ್ನು ಶೋಧಿಸಿದರು. ನಮ್ಮ ಕಡೆ ಅವುಗಳಿಂದಲೂ ಇಂತಹ ರಕ್ತಹೀನತೆಯು ಬರುವುದು. ಅದು ಅಲ್ಲವೆಂದಾದ ಮೇಲೆ ನಿಜವಾದ ವ್ಯಾಧಿಯನ್ನು ಹೇಳಿದರು. ಆರೋಗ್ಯವಂತ ನಾಯಿಯ ರಕ್ತದಲ್ಲಿ ನೂರಕ್ಕೆ 37ರಿಂದ 55 ಪಾಲು ಕೆಂಪುಕಣಗಳಿರತಕ್ಕುದು. ಕಾಳಿಗೆ 13 ಉಳಿದಿದ್ದಿತು. ಬೇರೊಂದು ನಾಯಿಯ ರಕ್ತವನ್ನು ಕೊಟ್ಟು, ಪ್ರೆಡ್ನಿಸೋಲೋನ್ ಮಾತ್ರೆಯನ್ನು ಆರಂಭಿಸಿದರು. ಮನುಷ್ಯರ ಕೀಲುರೋಗಕ್ಕೆಂದು 1948ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಯೋಗಿಸಿದ ಕಾರ್ಟಿಸೋನಿನ ವಂಶಕ್ಕೆ ಸೇರಿದ ಔಷಧವಿದು; ಭ್ರಮಿಸಿದ ಕಾವಲುಗಾರನನ್ನು ಮಂಕುಗೊಳಿಸುವುದು ಇದರ ಕೆಲಸ. ಒಮ್ಮೆಗೇ ನಿಲ್ಲಿಸುವಂತಿಲ್ಲ, ಮೂರು ಮೂರು ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಯಜಮಾನರು ಒಂದು ಪುಸ್ತಕವನ್ನು ಹೊಲಿದು, ಪ್ರತಿದಿನದ ಮಾತ್ರೆಯನ್ನೂ ಗೆರೆಯೆಳೆದು ಬರೆದಿಟ್ಟರು. ಅಂಕೆಯು 42ಕ್ಕೇರಿತು. ಕಡೆಯ ಕಾಲುಮಾತ್ರೆಯು ಮುಗಿಯುವ ದಿನವನ್ನು ಪಂಚಾಂಗದಲ್ಲಿ ಕೆಂಪುಶಾಯಿಯಿಂದ ಗುರುತಿಸಿದರು.

ಆ ದಿನವು ಬರಲಿಲ್ಲ. 2024ರ ರಾಮನವಮಿಯಂದು ಕೋಸಂಬರಿಯ ಸದ್ದಿಗೇ ಅಡಿಗೆಮನೆಯ ಹೊಸ್ತಿಲಿಗೆ ಬರುತ್ತಿದ್ದ ಕಾಳಿಯು ಜಗಲಿಯಿಂದ ಏಳಲಿಲ್ಲ. ಗೃಹಿಣಿಯು ತುಟಿಯನ್ನೆತ್ತಿ ನೋಡಿ, ಏನೂ ಹೇಳದೆ ಕೈಯ ಪಾತ್ರೆಯನ್ನು ಕೆಳಗಿಟ್ಟರು. ಸಂಜೆಯ ಪರೀಕ್ಷೆಯಲ್ಲಿ 21 ಬಂದಿತು.

ಮೊದಲ ಸಲ ಆ ಮನೆಯವರನ್ನು ಅಜ್ಞಾನವು ಕಾಪಾಡಿತ್ತು. ಈ ಸಲ ಮುಂದೆ ಬರುವುದೆಲ್ಲವೂ ತಿಳಿದಿದ್ದಿತು: ರಾತ್ರಿ ನಾಲ್ಕು ಸಲ ಹೊರಗೆ ಬಿಡಬೇಕಾದುದು, ತೀರದ ಬಾಯಾರಿಕೆ, ಕಸದ ಬುಟ್ಟಿಗೂ ಬಾಯಿಹಾಕಿಸುವ ಹಸಿವು, ಕರಗುವ ತೊಡೆ, ಉಬ್ಬುವ ಹೊಟ್ಟೆ. ಯಜಮಾನರು ಅಂದಿನ ರಾತ್ರಿ ಪುಸ್ತಕವನ್ನು ಮೊದಲಿನಿಂದ ತಿರುವಿಹಾಕಿದರು. ಎಲ್ಲಿಯೋ ಒಂದು ಮಾತ್ರೆ ತಪ್ಪಿರಬೇಕು, ತಾವೇ ಮರೆತಿರಬೇಕು. ಒಂದೂ ತಪ್ಪಿರಲಿಲ್ಲ. ತಪ್ಪು ಸಿಕ್ಕಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೋ ಏನೋ. ತಿದ್ದಿಕೊಳ್ಳುವುದಕ್ಕಾದರೂ ಏನೋ ಒಂದು ಉಳಿಯುತ್ತಿತ್ತು.

ಮರುದಿನ ವೈದ್ಯರು ಮರೆಮಾಚದೆ ಹೇಳಿದರು: "ರಾಯರೆ, ಸರಿಯಾಗಿ ಕೊಟ್ಟರೂ ಇದು ಮರಳುವುದುಂಟು. ಮಾತ್ರೆಯನ್ನು ಮತ್ತೆ ಏರಿಸಿ, ಎರಡನೆಯದೊಂದು ಔಷಧವನ್ನು ಸೇರಿಸಬೇಕು. ರಕ್ತವು ಒಳಗೇ ಹೆಪ್ಪುಗಟ್ಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಅದಕ್ಕೂ ಔಷಧ ಬೇಕು. ಹಿಂದೆ ಒಮ್ಮೆ ರಕ್ತ ಕೊಟ್ಟಿರುವುದರಿಂದ ಈಗ ಕೊಡಬೇಕಾದರೆ ಹೊಂದಿಕೆಯನ್ನು ನೋಡಿಯೇ ಕೊಡಬೇಕು. ಬೇಡವೆಂದರೂ ನಾನು ತಪ್ಪೆನ್ನುವುದಿಲ್ಲ."

ಇಂತಹ ಸಮಯದಲ್ಲಿ ಜನರು ಮಹಾಪ್ರಸ್ಥಾನದ ಯುಧಿಷ್ಠಿರನನ್ನು ನೆನೆಯುವರು. ನೆರೆಯವರೊಬ್ಬರೂ ನೆನೆಯಿಸಿದರು. ಆದರೆ ಆ ರಾಜನು ಸ್ವರ್ಗದ ಆಸೆಗಾಗಿ ಆಶ್ರಿತನನ್ನು ಬಿಡಲೊಲ್ಲದವನು. ಹಿಡಿದುಕೊಳ್ಳುವುದೇ ಹಿಂಸೆಯಾದಾಗ ಏನು ಮಾಡಬೇಕೆಂಬುದು ಅವನೆದುರಿಗೆ ಬಂದ ಪ್ರಶ್ನೆಯಲ್ಲ. ಯಜಮಾನರು ಎರಡು ದಿನ ಇದನ್ನೇ ಮಥಿಸಿದರು. ಕಡೆಗೆ ದಾರಿ ತೋರಿಸಿದವರು ಗೃಹಿಣಿ. "ತಾನಾಗಿ ತಿನ್ನುವವರೆಗೆ ನಾವು ಕೈಬಿಡುವುದು ಬೇಡ. ತಿನ್ನದೆ ನರಳುವ ದಿನ ಬಂದರೆ, ನಮ್ಮ ಆಸೆಗಾಗಿ ಅದನ್ನು ನಿಲ್ಲಿಸಿಕೊಳ್ಳುವುದೂ ಬೇಡಾಂದ್ರೆ" ಎಂದರು. ಅಂದಿನಿಂದ ಆ ಮನೆಗೆ ಅದೇ ಶಾಸ್ತ್ರವಾಯಿತು.

ಯಜಮಾನರ ವೃದ್ಧಮಾತೆ ಮಡಿಯಲ್ಲಿರುವವರು. ಆರು ವರ್ಷಗಳಲ್ಲಿ ಒಮ್ಮೆಯೂ ಅವರು ಕಾಳಿಯನ್ನು ಮುಟ್ಟಿದವರಲ್ಲ. ಮೊಸರನ್ನವನ್ನು ಮಾತ್ರ ದಿನವೂ ದೂರದಿಂದ ಎಲೆಯ ಮೇಲೆ ಸರಿಸುತ್ತಿದ್ದರು. ಮೂರನೆಯ ದಿನ ಬೆಳಗಿನ ಜಾವ ಯಜಮಾನರು ಎದ್ದು ಬಂದಾಗ, ಆಕೆ ಜಗಲಿಯಲ್ಲಿ ಕುಳಿತು, ದೀಪದ ಬೆಳಕಿಗೆ ನಾಯಿಯ ತುಟಿಯನ್ನೆತ್ತಿ ನೋಡುತ್ತಿದ್ದರು. "ನಿನ್ನೆಗಿಂತ ಕೊಂಚ ಕೆಂಪಾಗಿದೆ, ನೋಡಪ್ಪ" ಎಂದರು. ಆಮೇಲೆ ತಣ್ಣೀರಿನಲ್ಲಿ ಮಿಂದು ಮತ್ತೆ ಮಡಿಯುಟ್ಟರು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಏರಿಕೆಯು ಈ ಸಲ ನಿಧಾನವಾಯಿತು. ಒಂದು ವಾರ 24, ಮತ್ತೊಂದು ವಾರ 23. ವಾರಕ್ಕೊಮ್ಮೆ ಬರುವ ಅಂಕೆಗಾಗಿ ಉಳಿದ ಆರು ದಿನಗಳನ್ನು ಹಾಳುಮಾಡಿಕೊಳ್ಳಬಾರದೆಂಬುದನ್ನು ಮನೆಯವರು ಕಷ್ಟಪಟ್ಟು ಕಲಿತರು. ಮಾತ್ರೆಗಳು ಬೆಣ್ಣೆಯುಂಡೆಯೊಳಗೆ ಸೇರಿದುವು. ರಾತ್ರಿಯ ಪಾಳಿಯನ್ನು ಗಂಡಹೆಂಡಿರು ಹಂಚಿಕೊಂಡರು. ಯಜಮಾನರು ಕೊಳ್ಳಬೇಕೆಂದಿದ್ದ ಶಾಸನಸಂಪುಟಗಳು ಅಂಗಡಿಯಲ್ಲಿಯೇ ಉಳಿದುವು. ದೀಪಾವಳಿಯ ಹೊತ್ತಿಗೆ ಅಂಕೆಯು 39ಕ್ಕೆ ಬಂದಿತು.

ಈಗ ಕಾಳಿಗೆ ಅತ್ಯಲ್ಪ ಪ್ರಮಾಣದ ಔಷಧವು ನಡೆಯುತ್ತಿದೆ. ಅದು ಎಂದಾದರೂ ನಿಲ್ಲುವುದೆಂದು ವೈದ್ಯರು ಹೇಳಿಲ್ಲ, ಮನೆಯವರು ಕೇಳಿಲ್ಲ. ಯಜಮಾನರು ಎರಡನೆಯ ಪುಸ್ತಕವನ್ನು ಹೊಲಿದಿದ್ದಾರೆ. ಪಂಚಾಂಗದಲ್ಲಿ ಮಾತ್ರ ಯಾವ ದಿನಕ್ಕೂ ಕೆಂಪು ಗುರುತಿಲ್ಲ. ಪ್ರತಿದಿನ ಬೆಳಗ್ಗೆ ತುಟಿಯನ್ನೆತ್ತಿ ನೋಡಿ ಅವರು ಒಳಗೆ ಬರುವಾಗ, ದೇವರಮನೆಯಿಂದ ಜಪವನ್ನು ಅರ್ಧಕ್ಕೆ ನಿಲ್ಲಿಸಿ ಒಂದು ಧ್ವನಿಯು ಕೇಳುವುದು: "ಬಣ್ಣ ಹೇಗಿದೆಯಪ್ಪ?"

"ಚೆನ್ನಾಗಿದೆಯಮ್ಮ" ಎಂದು ಅವರು ಹೇಳಿದ ಮೇಲೆ ಜಪವು ಮುಂದುವರಿಯುವುದು.