ಯಾರೂ ಸೊಪ್ಪು ನೋಡಲಿಲ್ಲ

ಮಕ್ಕಳ ಸಂತೆ ಮುಗಿದ ಮರುದಿನ ಬೆಳಿಗ್ಗೆ ಏಳನೇ ತರಗತಿಯ ಕರಿಹಲಗೆಯ ಮೇಲೆ ನಾನು ಒಂದಷ್ಟು ಪದಗಳನ್ನು ಬರೆದೆ: ವ್ಯವಹಾರ ಜ್ಞಾನ, ಲಾಭ-ನಷ್ಟ, ಪರಸ್ಪರ ಸಹಕಾರ, ಆತ್ಮವಿಶ್ವಾಸ, ಸಂತೋಷ. ‘ಈ ಪದಗಳನ್ನು ಬಳಸಿ ನಿಮ್ಮ ಅನುಭವವನ್ನು ಒಂದು ಪುಟ ಬರೆಯಿರಿ’ ಎಂದೆ. ಬರೆಯಲು ತಿಣುಕುವ ಮಕ್ಕಳಿಗೆ ಇದರಿಂದ ಅನುಕೂಲ ಎಂದೇ ನಂಬಿದ್ದೆ. ಆ ಪದಗಳೇ ಅವರ ಬಾಯಿ ಕಟ್ಟಿದವು ಎಂಬುದು ಅರಿವಿಗೆ ಬರಲು ಬಹಳ ಕಾಲ ಹಿಡಿಯಿತು.

ಸರ್ಕಾರಿ ಶಾಲೆಗಳ ಒಡನಾಟ ಇರುವವರಿಗೆ ಮಕ್ಕಳ ಸಂತೆ ಗೊತ್ತಿರುತ್ತದೆ. ಕೆಲವು ಕಡೆ ಮೆಟ್ರಿಕ್ ಮೇಳ ಎನ್ನುತ್ತಾರೆ. ಮಕ್ಕಳು ಮನೆಯಿಂದ, ಹೊಲದಿಂದ ಸೊಪ್ಪು, ತರಕಾರಿ, ತೆಂಗಿನಕಾಯಿ, ನಿಂಬೆಹಣ್ಣು, ಕಡ್ಲೆಕಾಯಿ ತರುತ್ತಾರೆ. ಕೆಲವರು ಮಜ್ಜಿಗೆ, ಪಾನಕ, ಚುರುಮುರಿ ಮಾಡಿಕೊಂಡು ಬರುತ್ತಾರೆ. ಆಟದ ಮೈದಾನದಲ್ಲಿ ಗೋಣಿಚೀಲ ಹಾಸಿ ಕೂತು, ಊರವರಿಗೆ, ಅಪ್ಪ-ಅಮ್ಮಂದಿರಿಗೆ, ಶಿಕ್ಷಕರಿಗೆ ಮಾರುತ್ತಾರೆ. ಪುಸ್ತಕದಲ್ಲಿ ಬರೀ ಲೆಕ್ಕವಾಗಿದ್ದ ಅಸಲು, ಲಾಭ, ತೂಕ, ಚಿಲ್ಲರೆ ಆ ದಿನ ಮಕ್ಕಳ ಕೈಗೇ ಬರುತ್ತವೆ. ಇಡೀ ವರ್ಷದ ಶಾಲಾ ಚಟುವಟಿಕೆಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಇದೇ. ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಇದನ್ನು ಮಾಡಲೇಬೇಕೆಂದು ಹಟ ಹಿಡಿದವಳೂ ನಾನೇ.

ಆ ವರ್ಷದ ಸಂತೆ ಚೆನ್ನಾಗಿ ನಡೆಯಿತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಹೊಗಳಿದರು, ಫೋಟೋಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದವು. ಉಳಿದಿದ್ದದ್ದು ವರದಿ ಮತ್ತು ಮೌಲ್ಯಮಾಪನ. ಮಕ್ಕಳ ಬರಹಕ್ಕೆ ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ಚಟುವಟಿಕೆಯ ಅಂಕ ಕೊಡುವುದೆಂದು ತೀರ್ಮಾನಿಸಿದೆ. ಬಂದ ಪುಟಗಳೆಲ್ಲ ಹೆಚ್ಚುಕಡಿಮೆ ಒಂದೇ ತರ ಇದ್ದವು. ಮಕ್ಕಳ ಸಂತೆಯನ್ನು ಆಚರಿಸಿದೆವು, ಇದರಿಂದ ನಮಗೆ ವ್ಯವಹಾರ ಜ್ಞಾನ ಬಂದಿತು, ಪರಸ್ಪರ ಸಹಕಾರ ಕಲಿತೆವು, ತುಂಬಾ ಸಂತೋಷವಾಯಿತು. ಅಕ್ಷರ ದುಂಡಗಿದ್ದವರಿಗೆ, ಹಲಗೆಯ ಮೇಲಿನ ಪದಗಳನ್ನೆಲ್ಲ ಬಳಸಿದವರಿಗೆ ಹೆಚ್ಚು ಅಂಕ ಹಾಕಿದೆ. ಒಬ್ಬ ಹುಡುಗಿ ಮಾತ್ರ ಒಂದೇ ಸಾಲು ಬರೆದು ಕೊಟ್ಟಿದ್ದಳು: ‘ನನ್ನ ಸೊಪ್ಪು ಬೋಣಿ ಆಗಲಿಲ್ಲ.’ ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ವಿವರವಾಗಿ ಬರೆ’ ಎಂದು ಬರೆದು, ಅಂಕ ಕಡಿಮೆ ಮಾಡಿ ಪುಸ್ತಕ ವಾಪಸು ಕೊಟ್ಟೆ. ಅವಳು ವಿವರವಾಗಿ ಬರೆಯಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಮುಂದಿನ ವರ್ಷ ಅವಳು ಎಂಟನೇ ತರಗತಿಗೆ ಬಂದಾಗ, ಸಂತೆಯ ದಿನ ಶಾಲೆಗೇ ಬರಲಿಲ್ಲ.

ಕಾರಣ ತಿಳಿದದ್ದು ಶಾಲೆಯಲ್ಲಲ್ಲ, ಹೋಬಳಿಯ ವಾರದ ಸಂತೆಯಲ್ಲಿ. ಅಜ್ಜಿಯ ಪಕ್ಕ ಅವಳು ಸೊಪ್ಪಿನ ರಾಶಿ ಹಾಕಿಕೊಂಡು ಕೂತಿದ್ದಳು. ದಂಟು, ಮೆಂತ್ಯ, ಸಬ್ಬಸಿಗೆ ಬೇರೆ ಬೇರೆ. ಕಟ್ಟುಗಳ ಬೇರೆಲ್ಲ ಒಂದೇ ಕಡೆಗೆ, ಮೇಲೆ ಒದ್ದೆ ಗೋಣಿ ತಟ್ಟು. ಗಿರಾಕಿ ಬಾಗಿದ ಕೂಡಲೇ ನೀರು ಚಿಮುಕಿಸಿ ಎತ್ತಿ ತೋರಿಸುತ್ತಿದ್ದಳು. ಬೆಲೆ ಇಳಿಸುವಂತೆ ಕಾಣಿಸಿ ಇಳಿಸದೆ, ಒಂದೆರಡು ಕಡ್ಡಿ ಕೊತ್ತಂಬರಿ ಕೊಸರು ಹಾಕಿ ಗಿರಾಕಿಯನ್ನು ಒಪ್ಪಿಸುತ್ತಿದ್ದಳು. ಸ್ವಲ್ಪ ದೂರದಲ್ಲಿ ನಿಂತು ನೋಡಿದೆ. ನನ್ನ ತರಗತಿಯಲ್ಲಿ ತಲೆ ಎತ್ತದ ಹುಡುಗಿ ಇವಳೇನಾ ಅನ್ನಿಸಿತು. ಹತ್ತಿರ ಹೋಗಿ, ‘ಇಷ್ಟು ಚೆನ್ನಾಗಿ ಮಾರ್ತೀಯಲ್ಲ, ಶಾಲೇಲಿ ಯಾಕೆ ಬೋಣಿ ಆಗ್ಲಿಲ್ಲ?’ ಎಂದೆ. ಅವಳು ಸುಮ್ಮನಿದ್ದಳು. ಅಜ್ಜಿಯೇ, ‘ಹೇಳವ್ವ, ಮೇಷ್ಟ್ರಮ್ಮ ಕೇಳ್ತಾವ್ರಲ್ಲ’ ಎಂದರು. ನಾನು ಕಾದೆ. ಗಿರಾಕಿಗಳು ಬರುತ್ತಿದ್ದರಿಂದ ಕಾಯದೆ ಬೇರೆ ದಾರಿಯೂ ಇರಲಿಲ್ಲ. ಚಿಲ್ಲರೆ ಎಣಿಸಿ ಕೊಟ್ಟು, ನನ್ನ ಕಡೆ ನೋಡದೆ ಅಂದಳು: ‘ಅಲ್ಲಿ ಯಾರೂ ಸೊಪ್ಪು ನೋಡ್ಲಿಲ್ಲ ಮಿಸ್. ಯಾರ್ ಮಕ್ಕಳು ಅಂತ ನೋಡಿ ತಗೊಂಡ್ರು. ನಮ್ಮನೇಲಿ ಯಾರೂ ಬಂದಿರ್ಲಿಲ್ಲ. ಕೂಲಿಗೆ ಹೋಗಿದ್ರು.’

ನಮ್ಮ ಮಕ್ಕಳ ಸಂತೆಯ ಬಗ್ಗೆ ಅಷ್ಟು ನಿಖರವಾದ ವಿಮರ್ಶೆಯನ್ನು ನಾನು ಅದುವರೆಗೆ ಯಾವ ದೊಡ್ಡವರಿಂದಲೂ ಕೇಳಿರಲಿಲ್ಲ. ನೆನಪು ಮಾಡಿಕೊಂಡರೆ ಅವಳು ಹೇಳಿದ್ದೆಲ್ಲ ನಿಜ. ಅಪ್ಪ-ಅಮ್ಮಂದಿರು ತಮ್ಮ ಮಕ್ಕಳ ಹತ್ತಿರ ಕೊಂಡರು. ಶಿಕ್ಷಕರಾದ ನಾವು ಮುಂದಿನ ಸಾಲಿನಲ್ಲಿ ಕೂತು ಕೂಗಿ ಕರೆದವರ ಹತ್ತಿರ ಕೊಂಡೆವು. ಬಾಡಿದ ಸೊಪ್ಪಿಗೂ ಚೌಕಾಸಿ ಮಾಡದೆ ದುಡ್ಡು ಕೊಟ್ಟೆವು. ವ್ಯಾಪಾರ ಬಲ್ಲ ಒಬ್ಬಳೇ ಒಬ್ಬ ಹುಡುಗಿ, ಸರಿಯಾದ ಬೆಲೆ ಇಟ್ಟುಕೊಂಡು ಕೊನೆಯವರೆಗೆ ಕೂತು, ತಂದ ಸೊಪ್ಪನ್ನು ಹಾಗೆಯೇ ಮನೆಗೆ ಹೊತ್ತುಕೊಂಡು ಹೋದಳು. ಆ ಒಂದು ಸಾಲಿನಲ್ಲಿ ಇಷ್ಟೆಲ್ಲ ಇತ್ತು. ಕೇಳುವುದು ಹೇಗೆಂದು ನನಗೆ ತಿಳಿದಿದ್ದರೆ ಇಡೀ ತರಗತಿ ಒಂದು ವಾರ ಅದನ್ನೇ ಇಟ್ಟುಕೊಂಡು ಯೋಚಿಸಬಹುದಿತ್ತು.

ಅನುಭವದಿಂದ ಕಲಿಯುವ ಬಗ್ಗೆ ನಾನು ಓದಿರಲಿಲ್ಲ ಎಂದಲ್ಲ. ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ವೃತ್ತವನ್ನು ತರಬೇತಿಗಳಲ್ಲಿ ಚಾರ್ಟ್ ಮೇಲೆ ನಾನೇ ಬರೆದು ತೋರಿಸಿದ್ದೆ: ಮಾಡುವುದು, ಮಾಡಿದ್ದನ್ನು ಹಿಂದಿರುಗಿ ನೋಡುವುದು, ಅದರಿಂದ ಒಂದು ತಿಳಿವಳಿಕೆ ಕಟ್ಟಿಕೊಳ್ಳುವುದು, ಆ ತಿಳಿವಳಿಕೆಯನ್ನು ಮತ್ತೆ ಮಾಡಿ ಪರೀಕ್ಷಿಸುವುದು. ಶಾಲೆಯಲ್ಲಿ ನಾನು ಮಾಡಿದ್ದು ಮೊದಲನೆಯದು ಮಾತ್ರ. ಎರಡನೆಯದನ್ನು ಪ್ರಬಂಧವಾಗಿಸಿದೆ, ಉಳಿದ ಎರಡನ್ನು ಬಿಟ್ಟೇಬಿಟ್ಟೆ. ಜಾನ್ ಡ್ಯೂಯಿ 1938ರಲ್ಲಿ ಪ್ರಕಟಿಸಿದ ‘ಎಕ್ಸ್‌ಪೀರಿಯನ್ಸ್ ಅಂಡ್ ಎಜುಕೇಶನ್’ ಎಂಬ ಸಣ್ಣ ಪುಸ್ತಕದಲ್ಲಿ ಇನ್ನೂ ಕಠಿಣವಾದ ಮಾತಿದೆ. ಎಲ್ಲ ಅನುಭವವೂ ಕಲಿಸುವುದಿಲ್ಲ, ಕೆಲವು ಅನುಭವಗಳು ಮುಂದಿನ ಕಲಿಕೆಯ ದಾರಿಯನ್ನೇ ಮುಚ್ಚಿಬಿಡುತ್ತವೆ ಎನ್ನುವುದು ಅವರ ವಾದ. ಓದಿದಾಗ ಇದು ಬೇರೆ ಯಾರದೋ ತರಗತಿಯ ಮಾತು ಅನ್ನಿಸಿತ್ತು. ಆ ಹುಡುಗಿ ಸಂತೆಯ ದಿನ ಮನೆಯಲ್ಲೇ ಉಳಿದಳಲ್ಲ, ಡ್ಯೂಯಿ ಹೇಳುತ್ತಿದ್ದದ್ದು ಅದನ್ನೇ.

ಆಮೇಲೆ ನಾನು ಮೊದಲು ಬಿಟ್ಟದ್ದು ಅಂಕ. ಲೆಕ್ಕದ ಚೀಟಿಗೆ ಅಂಕ ಇರಲಿ. ಎಷ್ಟು ತಂದೆ, ಎಷ್ಟಕ್ಕೆ ಮಾರಿದೆ, ಎಷ್ಟು ಉಳಿಯಿತು ಎಂಬುದರಲ್ಲಿ ಸರಿ-ತಪ್ಪು ಇದೆ. ಆದರೆ ಮಗು ತನ್ನ ಅನುಭವದ ಬಗ್ಗೆ ಯೋಚಿಸಿದ್ದಕ್ಕೆ ಅಂಕ ಹಾಕಿದರೆ, ಮೇಷ್ಟ್ರಿಗೆ ಏನು ಬೇಕು ಎಂಬುದನ್ನಷ್ಟೇ ಅದು ಬೇಗ ಕಲಿಯುತ್ತದೆ. ಹನ್ನೊಂದರಿಂದ ಹದಿನಾಲ್ಕರ ಮಕ್ಕಳು ಇದರಲ್ಲಿ ಬಹಳ ಚುರುಕು. ಆ ವಯಸ್ಸಿಗೆ ಅವರು ದೊಡ್ಡವರ ಮುಖ ಓದುವುದನ್ನೂ ಕಲಿತಿರುತ್ತಾರೆ, ಗೆಳೆಯರ ನಗುವಿಗೆ ಹೆದರುವುದನ್ನೂ ಕಲಿತಿರುತ್ತಾರೆ. ನಿಜ ಹೇಳಿದರೆ ಅಂಕವೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ ಎಂದಾದರೆ ಯಾವ ಮಗು ತಾನೇ ನಿಜ ಹೇಳೀತು?

‘ಏನು ಕಲಿತೆ?’ ಎಂಬ ಪ್ರಶ್ನೆಯನ್ನೂ ಬಿಟ್ಟೆ. ಅದಕ್ಕೆ ಉಪದೇಶದ ಉತ್ತರವೇ ಬರುತ್ತದೆ. ಬದಲಿಗೆ ಸಂತೆಗೆ ಮುಂಚೆಯೇ ಒಂದು ಚೀಟಿ ಬರೆಸುತ್ತೇನೆ. ಏನು ತರುತ್ತೀ, ಎಷ್ಟು ಮಾರಾಟ ಆಗಬಹುದು, ಯಾರು ಕೊಳ್ಳಬಹುದು? ಸಂತೆ ಮುಗಿದು ಗೋಣಿ ಮಡಚುವ ಮೊದಲೇ, ಉಳಿದ ಸಾಮಾನು ಎದುರಿಗಿರುವಾಗಲೇ, ಆ ಚೀಟಿ ತೆಗೆಸುತ್ತೇನೆ. ಅಂದುಕೊಂಡದ್ದರಲ್ಲಿ ಯಾವುದು ಆಗಲಿಲ್ಲ ಎಂಬುದೊಂದೇ ಪ್ರಶ್ನೆ. ಊಹೆಗೂ ನಡೆದದ್ದಕ್ಕೂ ನಡುವೆ ಎಲ್ಲಿ ಬಿರುಕು ಕಾಣುತ್ತದೆಯೋ ಅಲ್ಲಿಂದ ಮಕ್ಕಳು ತಾವಾಗಿ ಮಾತು ಶುರು ಮಾಡುತ್ತಾರೆ. ತಂದ ನಿಂಬೆಹಣ್ಣೆಲ್ಲ ಖಾಲಿಯಾಗುತ್ತದೆ ಎಂದು ಬರೆದಿದ್ದ ಆರನೇ ತರಗತಿಯ ಹುಡುಗ ಒಂದು ಬುಟ್ಟಿ ಹಣ್ಣನ್ನು ಮುಂದಿಟ್ಟುಕೊಂಡು ಯೋಚಿಸುತ್ತಾ ಕೂತಿದ್ದ. ಕೊನೆಗೆ, ‘ಎಲ್ಲರ ಮನೇಲೂ ನಿಂಬೆಹಣ್ಣು ಐತೆ ಮಿಸ್, ಅದ್ಕೇ ಎಲ್ರೂ ಅದನ್ನೇ ತಂದವ್ರೆ, ಯಾರ್ ತಗೋತಾರೆ?’ ಎಂದ. ಬೇಡಿಕೆ, ಪೂರೈಕೆ ಎಂಬ ಪದಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು. ಆವತ್ತು ಹೇಳಲಿಲ್ಲ, ಮಾರನೆಯ ವಾರ ಹೇಳಿದೆ. ಅಷ್ಟರಲ್ಲಿ ಆ ಪದಗಳಿಗೆ ಅರ್ಥ ತುಂಬುವಂಥದ್ದು ಅವನ ಹತ್ತಿರ ಇತ್ತು.

ಬರೆಸುವ ಮೊದಲು ಮಾತಾಡಿಸಬೇಕು ಎಂಬುದನ್ನೂ ತಡವಾಗಿ ಕಲಿತೆ. ಇಬ್ಬಿಬ್ಬರು ಕೂತು, ತಮ್ಮ ಮನೆಯ ಮಾತಿನಲ್ಲೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಮೊದಲೆಲ್ಲ ‘ಹೋದ್ವು, ಬಂದ್ವು’ ಎಂದರೆ ಅಲ್ಲೇ ತಡೆದು ‘ಹೋದೆವು, ಬಂದೆವು’ ಎಂದು ತಿದ್ದುತ್ತಿದ್ದೆ. ಯೋಚನೆ ಇನ್ನೂ ರೂಪ ಪಡೆಯುತ್ತಿರುವಾಗ ಭಾಷೆ ತಿದ್ದುವುದು, ಬಿತ್ತಿದ ಮಾರನೆಯ ದಿನವೇ ಮೊಳಕೆ ಬಂತೇ ಎಂದು ಮಣ್ಣು ಕೆದಕಿ ನೋಡಿದಂತೆ. ತಿದ್ದುವುದಕ್ಕೆ ಬೇರೆ ದಿನ ಇದೆ.

ಕಾಯುವುದು ಎಲ್ಲಕ್ಕಿಂತ ಕಷ್ಟವಾಯಿತು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನು ಅಮೆರಿಕದ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಇಟ್ಟುಕೊಂಡು ಅಳೆದರು. ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೂ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಎಂಬುದನ್ನು ಅವರು ಕಂಡರು. ಮೂರು ಸೆಕೆಂಡು ಏನು ಮಹಾ ಎನ್ನಿಸಬಹುದು. ಮಕ್ಕಳು ತುಂಬಿದ ತರಗತಿಯಲ್ಲಿ, ಬೆಲ್ ಹೊಡೆಯುವ ಹೊತ್ತು ಹತ್ತಿರವಾಗುತ್ತಿರುವಾಗ, ಸುಮ್ಮನೆ ನಿಂತು ನೋಡಿದವರಿಗೇ ಅದರ ಉದ್ದ ಗೊತ್ತು. ವಾರದ ಸಂತೆಯಲ್ಲಿ ನಾನು ಕಾದದ್ದು ಗಿರಾಕಿಗಳ ದೆಸೆಯಿಂದ. ತರಗತಿಯಲ್ಲಿ ಹಾಗೆ ತಡೆಯುವವರು ಯಾರೂ ಇಲ್ಲದ್ದರಿಂದ ನನ್ನನ್ನು ನಾನೇ ತಡೆದುಕೊಳ್ಳಬೇಕು. ಈಗಲೂ ಎಷ್ಟೋ ಸಲ ಆಗುವುದಿಲ್ಲ.

ಇಷ್ಟೆಲ್ಲ ತಿದ್ದಿಕೊಂಡ ಮೇಲೂ ಒಂದು ತಪ್ಪು ಮಾಡಿದೆ. ಅದು ಮೊದಲಿನದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಮಕ್ಕಳು ಮನಸ್ಸು ಬಿಚ್ಚಿ ಬರೆಯತೊಡಗಿದಾಗ ನನಗೆ ತಡೆಯಲಾರದಷ್ಟು ಹಿಗ್ಗಾಯಿತು. ಕಡ್ಲೆಕಾಯಿ ಮಾರಿದ ದುಡ್ಡನ್ನು ಅಮ್ಮ ಅಂಗಡಿ ಸಾಲಕ್ಕೆ ಕಟ್ಟಿದಳು ಎಂದು ಒಂದು ಮಗು ಬರೆದಿತ್ತು. ಎಷ್ಟು ಪ್ರಾಮಾಣಿಕವಾಗಿ ಬರೆದಿದೆ ಎಂದು ಹೊಗಳುವ ಉತ್ಸಾಹದಲ್ಲಿ ಅದನ್ನು ತರಗತಿಗೇ ಓದಿಬಿಟ್ಟೆ. ಓದಿ ಮುಗಿಸುವಷ್ಟರಲ್ಲಿ ಆ ಮಗುವಿನ ತಲೆ ಮೇಜಿಗೆ ತಾಗಿತ್ತು. ಆ ಮಗುವಿನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಮಗು ‘ಪರವಾಗಿಲ್ಲ ಮಿಸ್’ ಎಂದಿತು, ಆದರೆ ಆ ವರ್ಷವಿಡೀ ಅದರ ಪುಟಗಳಲ್ಲಿ ಮತ್ತೆ ಮನೆಯ ಮಾತು ಬರಲಿಲ್ಲ. ಮಕ್ಕಳನ್ನು ಯೋಚಿಸಲು ಹಚ್ಚುವ ಹಕ್ಕು ನಮಗಿದೆ, ಆ ಯೋಚನೆಯನ್ನು ಪ್ರದರ್ಶನಕ್ಕಿಡುವ ಹಕ್ಕಿಲ್ಲ. ಈಗ ನಮ್ಮ ತರಗತಿಯಲ್ಲಿ ಮಡಚಿದ ಪುಟವನ್ನು ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ‘ತುಂಬಾ ಸಂತೋಷವಾಯಿತು’ ಎಂದಷ್ಟೇ ಬರೆದವರನ್ನು ಕೆದಕುವುದೂ ಇಲ್ಲ. ಕೆಲವರಿಗೆ ನಿಜವಾಗಿಯೂ ಸಂತೋಷವೇ ಆಗಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ, 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟಗಾರ, ಕಲಾವಿದರಂಥವರ ಬಳಿ ಕಲಿಯಬೇಕು ಎನ್ನುತ್ತದೆ. ಆ ಹತ್ತು ದಿನ ಚೆನ್ನಾಗಿ ನಡೆಯಲಿ ಎಂದು ಮನಸಾರೆ ಬಯಸುತ್ತೇನೆ. ಆದರೆ ಹನ್ನೊಂದನೇ ದಿನ ಏನಾಗುತ್ತದೆ ಎಂಬ ಚಿಂತೆ ನನಗೆ. ಫೋಟೋ, ವರದಿ, ಒಂದು ಪುಟದ ಪ್ರಬಂಧ ಕೇಳಿ ಮುಗಿಸಿದರೆ, ಕುಂಬಾರರ ಮನೆಯ ಮಗು ತಿಗರಿಯ ಮುಂದೆ ಕಂಡದ್ದೇನೆಂಬುದು ಯಾರಿಗೂ ತಿಳಿಯದೆ ಹೋಗುತ್ತದೆ. ಅನುಭವ ಆಗಲೇ ಇರುವ ಮಕ್ಕಳು ನಮ್ಮ ತರಗತಿಗಳಲ್ಲಿ ತುಂಬಿದ್ದಾರೆ. ಅವರಿಗೆ ಅನುಭವ ಒದಗಿಸುತ್ತಿದ್ದೇವೆ ಎಂದುಕೊಂಡು ಅವರ ಅನುಭವವನ್ನೇ ನಾವು ಕೇಳದೆ ಬಿಡುತ್ತೇವೆ.

ಮಕ್ಕಳು ಹೇಳಿದ್ದರಿಂದ ಮುಂದಿನ ಕೆಲಸ ಬದಲಾಗದಿದ್ದರೆ, ಹೇಳಿ ಪ್ರಯೋಜನವಿಲ್ಲ ಎಂದು ಅವರು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಹಾಗಾಗಿ ‘ಸೊಪ್ಪು ನೋಡದೆ ಮುಖ ನೋಡಿ ಕೊಳ್ಳುತ್ತಾರೆ, ಏನು ಮಾಡೋಣ?’ ಎಂಬ ಪ್ರಶ್ನೆಯನ್ನು, ಯಾರ ಹೆಸರನ್ನೂ ಹೇಳದೆ, ಈ ವರ್ಷ ಮಕ್ಕಳ ಮುಂದೆಯೇ ಇಟ್ಟೆ. ಒಬ್ಬರು ತಂದ ಸಾಮಾನನ್ನು ಇನ್ನೊಬ್ಬರು ಮಾರಬೇಕು ಎಂದರು ಏಳನೆಯವರು. ಶಿಕ್ಷಕರು ಚೌಕಾಸಿ ಮಾಡಲೇಬೇಕು ಎಂಬ ಷರತ್ತೂ ಬಂತು. ‘ಹಂಗಾದ್ರೆ ನಮ್ಮಮ್ಮ ಯಾಕೆ ಬರ್ತಾಳೆ?’ ಎಂದು ಎಂಟನೇ ತರಗತಿಯ ಒಬ್ಬ ಎದ್ದು ನಿಂತ. ಅವನ ಮಾತಿನಲ್ಲೂ ಹುರುಳಿತ್ತು. ಬೆಳಿಗ್ಗೆ ಒಂದು ರೀತಿ, ಊಟ ಆದಮೇಲೆ ಇನ್ನೊಂದು ರೀತಿ ಮಾಡಿ ಎರಡರ ಲೆಕ್ಕವನ್ನೂ ಹೋಲಿಸೋಣ ಎಂದು ಕೆಲವರು ಹೇಳಿದಾಗ, ಮಾತೇ ಆಡದ ಆರನೇ ತರಗತಿಯ ಹುಡುಗಿ, ‘ಮಧ್ಯಾಹ್ನಕ್ಕೆ ಸೊಪ್ಪು ಬಾಡೋಗತ್ತೆ ಮಿಸ್, ಆಗ ಲೆಕ್ಕ ಸರಿ ಬರಲ್ಲ’ ಎಂದಳು. ಎಲ್ಲರೂ ಒಪ್ಪಿದರು. ಈಗ ಒಂದೇ ಹೊತ್ತಿಗೆ ಎರಡು ಸಾಲು ಹಾಕುವುದೆಂದು ತೀರ್ಮಾನವಾಗಿದೆ. ಯಾವ ಸಾಲು ಗೇಟಿಗೆ ಹತ್ತಿರ ಇರಬೇಕು ಎಂಬುದರ ಮೇಲೆ ಜಗಳ ಇನ್ನೂ ನಡೆಯುತ್ತಿದೆ.