ಎರಡೂ ಮುಕ್ಕಾಲು ಕೇಜಿ ಅಕ್ಕಿ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯೋಕೆ ಇದ್ದಿದ್ದು ಒಂದೇ ವಿಷಯ, ಅದನ್ನ ಬರೆಯೋಕೆ ನಾಚಿಕೆ. ಇವತ್ತು ಭಾನುವಾರ, ಮನೆಯಲ್ಲಿ ಯಾರೂ ಇಲ್ಲ. ಬರೆದುಬಿಡ್ತೀನಿ.

ಕಳೆದ ದೀಪಾವಳಿ ಮುಗಿದ ವಾರ ಒಂದು ಮೇಲ್ ಬಂತು. ಗೊತ್ತಿಲ್ಲದ ಹೆಸರು. "ಸರ್, ನಮಸ್ತೆ. ನಾನು ನಿಮ್ಮೂರಿನ ಹೆಡ್ ಮೇಷ್ಟ್ರ ಮೊಮ್ಮಗಳು. ಅಜ್ಜ ಹೋಗಿ ಮೂರು ತಿಂಗಳಾಯ್ತು. ಅವರ ಬಗ್ಗೆ ನೆಟ್ಟಲ್ಲಿ ಏನಾದ್ರೂ ಇದೆಯಾ ಅಂತ ಹುಡುಕಿದೆ. ನೀವು ಬರೆದಿದ್ದು ಬಿಟ್ರೆ ಬೇರೇನೂ ಸಿಗಲಿಲ್ಲ. ನೀವು ಬರೆದಿರೋದು ನಿಜವಾ?"

ಅಷ್ಟೇ. ಬೈದಿರಲಿಲ್ಲ, ತೆಗೆದುಹಾಕಿ ಅಂತಲೂ ಕೇಳಿರಲಿಲ್ಲ. ಕೆಳಗೊಂದು ಲಿಂಕು.

ಲಿಂಕು ಒತ್ತುವ ಮೊದಲೇ ಹೊಟ್ಟೆಯಲ್ಲಿ ಏನೋ ಆಯ್ತು. 2009ರ ಕೊನೆಗೆ, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಕನ್ನಡ ವೆಬ್ ಪತ್ರಿಕೆಗೆ ನಾನೊಂದು ಲೇಖನ ಬರೆದಿದ್ದೆ. ವಿಷಯ ಭ್ರಷ್ಟಾಚಾರ. ಇಪ್ಪತ್ತೆರಡು ವಯಸ್ಸಿಗೆ ಇನ್ನೇನು ಬರೀತಾರೆ ಹೇಳಿ! ಭ್ರಷ್ಟಾಚಾರ ವಿಧಾನಸೌಧದಿಂದ ಶುರುವಾಗಲ್ಲ, ಹಳ್ಳಿ ಶಾಲೆಯಿಂದ ಶುರುವಾಗುತ್ತೆ ಅಂತ ಜಾಣತನದಿಂದ ಶುರು ಮಾಡಿ, ಉದಾಹರಣೆಗೆ ನಮ್ಮ ಹೆಡ್ ಮೇಷ್ಟ್ರನ್ನ ಎಳೆದು ತಂದಿದ್ದೆ. ಹೆಸರು, ಊರು ಸಮೇತ. ಹೆಸರು ಹಾಕೋದೇ ಧೈರ್ಯ ಅಂದುಕೊಂಡಿದ್ದ ಕಾಲ ಅದು.

ಅಕ್ಕಿಯ ಕಥೆ ನಿಮ್ಮಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು. ಬಿಸಿಯೂಟ ಬಂದಿದ್ದು ಆಮೇಲೆ, ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಗಿದ್ದೇ 2002ರಲ್ಲಿ. ಅದಕ್ಕೂ ಮೊದಲು, 1995ರ ಆಗಸ್ಟ್ 15ಕ್ಕೆ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆಯಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ತಿಂಗಳಿಗೆ ಮೂರು ಕೇಜಿ ಅಕ್ಕಿ ಮನೆಗೇ ಕೊಡ್ತಿದ್ರು. ಹಾಜರಾತಿ ಶೇಕಡಾ 80 ಇರಬೇಕು. 1997-98ರಲ್ಲಿ ನಾನು ಐದನೇ ಕ್ಲಾಸು. ತೀರ್ಥಹಳ್ಳಿ ಕಡೆಯ ಸಣ್ಣ ಊರು ನಮ್ಮದು. ಅಕ್ಕಿ ಕೊಡೋ ದಿನ ಎಲ್ಲರ ಕೈಲೂ ಒಂದೊಂದು ಚೀಲ. ಮೇಷ್ಟ್ರು ಜಗಲಿ ಮೇಲೆ ಕೂತು ಅಳೆದು ಹಾಕೋರು. ಆ ಅಕ್ಕಿಗೆ ಒಂಥರಾ ಮುಗ್ಗಲು ವಾಸನೆ ಇರ್ತಿತ್ತು, ಹುಳನೂ ಇರ್ತಿತ್ತು, ಆದ್ರೂ ಆ ಚೀಲ ಹೊತ್ತುಕೊಂಡು ಮನೆಗೆ ಹೋಗೋ ಗತ್ತೇ ಬೇರೆ. ನಾನೂ ದುಡಿದು ತಂದಿದೀನಿ ಅನ್ನೋ ಹಾಗೆ!

ಒಂದು ತಿಂಗಳು ಅಪ್ಪಯ್ಯ ಚೀಲ ಎತ್ತಿ ನೋಡಿ, ಅಂಗಡಿಗೆ ಒಯ್ದು ತೂಗಿಸಿದರು. ಎರಡೂ ಮುಕ್ಕಾಲು ಕೇಜಿ. "ಮೇಷ್ಟ್ರು ಕಾಲು ಕೇಜಿ ತಿಂದಿದಾರೆ" ಅಂತ ಅಂಗಡಿ ಕಟ್ಟೆಯಲ್ಲಿ ಮಾತಾಯ್ತು. ಹನ್ನೆರಡು ವರ್ಷ ಆದ್ಮೇಲೆ ಅದನ್ನೇ ನಾನು ಬರೆದೆ. ತಕ್ಕಡಿಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಒಂದು ಸಾಲು ಬೇರೆ! ಆ ಸಾಲಿಗೆ ಆಗ ತುಂಬಾ ಮೆಚ್ಚುಗೆ ಬಂದಿತ್ತು. ಬರೆಯುವ ಮೊದಲು ಊರಿಗೊಂದು ಫೋನು ಮಾಡಿ ಕೇಳಿರಲಿಲ್ಲ.

ಮೇಲ್ ಬಂದ ರಾತ್ರಿ ನಾನು ಮೊದಲು ಮಾಡಿದ್ದೇನು ಗೊತ್ತಾ? ಆ ಹುಡುಗಿಗೆ ಉತ್ತರ ಬರೆದದ್ದಲ್ಲ. ನೆಟ್ಟಿನಿಂದ ಹಳೇದನ್ನ ಅಳಿಸೋದು ಹೇಗೆ ಅಂತ ಹುಡುಕಿದ್ದು. ಎರಡು ಗಂಟೆ ತನಕ ಅದೇ ಓದಿದೆ. ಸ್ಪೇನಿನಲ್ಲಿ ಮಾರಿಯೋ ಕೋಸ್ಟೆಹಾ ಅಂತ ಒಬ್ಬರು. ಅವರ ಸಾಲದ ಬಾಕಿಗಾಗಿ ಆಸ್ತಿ ಹರಾಜಾಗುವ ಪ್ರಕಟಣೆ 1998ರಲ್ಲಿ ಪತ್ರಿಕೆಯೊಂದರಲ್ಲಿ ಬಂದಿತ್ತು. ಸಾಲ ಯಾವತ್ತೋ ತೀರಿತ್ತು, ಹೆಸರು ಹುಡುಕಿದರೆ ಮಾತ್ರ ಗೂಗಲ್ ಅದನ್ನೇ ತೋರಿಸ್ತಿತ್ತು. ಯುರೋಪಿನ ನ್ಯಾಯಾಲಯದವರೆಗೂ ಹೋಗಿ 2014ರ ಮೇ 13ರಂದು ಗೆದ್ದರು. ಗೆದ್ದದ್ದು ಏನಪ್ಪಾ ಅಂದ್ರೆ, ಪತ್ರಿಕೆಯ ಪುಟ ಅಲ್ಲೇ ಇರಲಿ, ಹೆಸರು ಹಾಕಿ ಹುಡುಕಿದಾಗ ಗೂಗಲ್ ಆ ಕೊಂಡಿ ತೋರಿಸಬಾರದು ಅಂತ. ಮರೆತುಬಿಡಿ ಅಂತ ಕೇಳಿಕೊಂಡ ಆ ಮನುಷ್ಯನ ಸಾಲದ ಕಥೆ ಈಗ ತೀರ್ಥಹಳ್ಳಿಯ ನನಗೂ ಗೊತ್ತು, ನಿಮಗೂ ಗೊತ್ತಾಯ್ತು. ನಮ್ಮ ಕರ್ನಾಟಕ ಹೈಕೋರ್ಟೂ 2017ರ ಜನವರಿಯಲ್ಲಿ, ಅಪ್ಪ ಒಬ್ಬರು ಕೇಳಿಕೊಂಡಿದ್ದಕ್ಕೆ, ಹಳೇ ಆದೇಶವೊಂದರಲ್ಲಿದ್ದ ಮಗಳ ಹೆಸರು ನೆಟ್ಟಿನ ಹುಡುಕಾಟದಲ್ಲಿ ಸಿಗದ ಹಾಗೆ ನೋಡಿಕೊಳ್ಳಿ ಅಂತ ಹೇಳಿತ್ತು.

ಓದ್ತಾ ಓದ್ತಾ ಹೊಳೀತು. ಇವರೆಲ್ಲ ತಮ್ಮದನ್ನ, ತಮ್ಮವರದನ್ನ ಅಳಿಸಿ ಅಂತ ಕೇಳಿದವರು. ಇಲ್ಲಿ ತಪ್ಪು ನಂದು, ಹೆಸರು ಮೇಷ್ಟ್ರದ್ದು. ಮೇಷ್ಟ್ರು ಕೇಳೋಕೆ ಇಲ್ಲ. ನಾನು ಅಳಿಸೋಕೆ ಹೊರಟಿದ್ದು ಯಾರಿಗೋಸ್ಕರ?

ಇನ್ನೊಂದು ನೆನಪಾಯ್ತು. ನಾನು ಬರೆಯೋಕೆ ಶುರು ಮಾಡೋ ಹೊತ್ತಿಗೆ ನಾವೆಲ್ಲ ಹಳೇ ಫಾಂಟುಗಳನ್ನ ಬಿಟ್ಟು ಯುನಿಕೋಡಿಗೆ ಬಂದಿದ್ದ ಸಂಭ್ರಮ. ಮೊದಲು ಕನ್ನಡ ತಾಣಗಳು ಒಂದೊಂದು ಒಂದೊಂದು ಫಾಂಟಲ್ಲಿ. ಫಾಂಟು ಇಲ್ಲದಿದ್ರೆ ಕಾಣಿಸ್ತಿದ್ದದ್ದು ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ. ಕನ್ನಡದಲ್ಲಿ ಟೈಪಿಸಿ ಹುಡುಕಿದ್ರೆ ಏನೂ ಸಿಗ್ತಿರಲಿಲ್ಲ. ಯುನಿಕೋಡಲ್ಲಿ ಬರೀರಿ, ಗೂಗಲ್ಲಿಗೆ ಸಿಗುತ್ತೆ ಅಂತ ಕಂಡ ಕಂಡವರಿಗೆಲ್ಲ ಬೋಧನೆ ಮಾಡಿದವನು ನಾನು. ಸಿಕ್ಕಿತು ನೋಡಿ! ಐದಾರು ವರ್ಷ ಮೊದಲು, ಹಳೇ ಫಾಂಟಲ್ಲಿ ಬರೆದಿದ್ರೆ ಆ ಹುಡುಗಿ ಕಣ್ಣಿಗೆ ಬೀಳ್ತಾನೇ ಇರಲಿಲ್ಲ.

ಬೆಳಗ್ಗೆ ಅಮ್ಮನಿಗೆ ಫೋನು ಮಾಡಿದೆ. ಅಪ್ಪಯ್ಯ ಈಗಿಲ್ಲ.

"ಅಮ್ಮ, ಮೇಷ್ಟ್ರು ಅಕ್ಕಿ ತಿಂದಿದ್ದು ಹೌದನಾ?"

"ಯಾವ ಮೇಷ್ಟ್ರು? ಅಯ್ಯೋ ಅದಾ... ಅದು ಮೂಟೆನೇ ಕಮ್ಮಿ ಬರ್ತಿತ್ತಲ ಮಾರಾಯ. ಆಮೇಲೆ ನಿಮ್ಮ ಅಪ್ಪಯ್ಯನೇ ಹೋಗಿ ಮೂಟೆ ತೂಗಿಸಿ ನೋಡಿ ಬಂದಿದ್ರು. ಊರಿಗೆಲ್ಲ ಗೊತ್ತಿತ್ತು. ಈಗ ಯಾಕೆ ಅದು?"

ಊರಿಗೆಲ್ಲ ಗೊತ್ತಿತ್ತು. ನಾನಾಗ ಹೈಸ್ಕೂಲಿಗೆ ಅಂತ ಅತ್ತೆ ಮನೆ ಸೇರಿಯಾಗಿತ್ತು. ಮೊದಲರ್ಧ ಕೇಳಿದ್ದೆ, ಉಳಿದರ್ಧ ನನ್ನ ಕಿವಿಗೆ ಬಿದ್ದಿರಲಿಲ್ಲ.

ಆ ಹುಡುಗಿಗೆ ಬರೆದೆ: ನಿಜ ಅಲ್ಲ, ನಂದು ತಪ್ಪು, ಹೀಗೀಗೆ ಆಯ್ತು ಅಂತ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಫೋಟೋ ಬಂದ್ವು. ಅಜ್ಜನ ಟ್ರಂಕಲ್ಲಿ ಸಿಕ್ಕಿದ್ದಂತೆ, ಕಾರ್ಬನ್ ಇಟ್ಟು ಬರೆದ ಪತ್ರಗಳ ಪ್ರತಿ, ಐದು. ಮೇಲಿನ ಕಚೇರಿಗೆ ಬರೆದದ್ದು. ಅದೇ ದುಂಡು ಅಕ್ಷರ, ಬೋರ್ಡ್ ಮೇಲೆ ನೋಡ್ತಿದ್ವಲ್ಲ ಅದು. ಒಂದರಲ್ಲಿ ಲೆಕ್ಕ ಇತ್ತು. ಅರ್ಹ ಮಕ್ಕಳು 50. ಬರಬೇಕಾದ ಅಕ್ಕಿ 150 ಕೇಜಿ, ಮೂರು ಮೂಟೆ. ಬಂದದ್ದು 46, 45, 46½. ಒಟ್ಟು 137½. "ಆದುದರಿಂದ ತಲಾ 2¾ ಕೇಜಿಯಂತೆ ಸಮನಾಗಿ ಹಂಚಲಾಗಿದೆ. ಪೋಷಕರು ಪ್ರಶ್ನಿಸುತ್ತಿದ್ದು, ದಯವಿಟ್ಟು ಸರಿಪಡಿಸಿಕೊಡಬೇಕಾಗಿ ವಿನಂತಿ."

ಎರಡೂ ಮುಕ್ಕಾಲು. ಅಪ್ಪಯ್ಯ ತೂಗಿಸಿದ್ದೂ ಅಷ್ಟೇ, ನಾನು ಬರೆದದ್ದೂ ಅಷ್ಟೇ, ಮೇಷ್ಟ್ರು ಬರೆದದ್ದೂ ಅಷ್ಟೇ. ಆ ಸಾಲನ್ನ ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ವೆಬ್ ಪತ್ರಿಕೆಯವರಿಗೆ ಬರೆದರೆ ಪಾಪ, ತಕ್ಷಣ ಉತ್ತರಿಸಿದರು. "ತೆಗೆದುಬಿಡೋಣ ಬಿಡಿ, ಹದಿನೈದು ವರ್ಷದ ಹಿಂದಿನದು, ಯಾರು ನೋಡ್ತಾರೆ?" ಅಂದ್ರು. ಹ್ಞೂಂ ಅನ್ನೋಕೆ ಬಾಯಿವರೆಗೂ ಬಂದಿತ್ತು. ಅಷ್ಟರಲ್ಲಿ ಮತ್ತೊಮ್ಮೆ ಮೇಷ್ಟ್ರ ಹೆಸರು ಹುಡುಕಿ ನೋಡಿದೆ. ಎರಡನೇ ಸಾಲಲ್ಲಿ ಇನ್ನೊಂದು ತಾಣ. ನನ್ನ ಲೇಖನವನ್ನೇ ಇಡಿಯಾಗಿ ಎತ್ತಿ ಹಾಕಿಕೊಂಡಿದ್ದಾರೆ, ಕೆಳಗೆ "ಕೃಪೆ: ಅಂತರ್ಜಾಲ". ಅಂತರ್ಜಾಲದ ಕೃಪೆ ನೋಡಿ :-) ನಡೆಸೋರು ಯಾರೋ ಗೊತ್ತಿಲ್ಲ, ಕೊಟ್ಟಿರೋ ಮೇಲ್ ವಿಳಾಸಕ್ಕೆ ಬರೆದರೆ ವಾಪಸ್ ಬರುತ್ತೆ. ಮೂಲವನ್ನ ತೆಗೆದರೆ ಮೊದಲ ಸಾಲಿಗೆ ಬರೋದು ಇದೇ! ಆಗ ನನ್ನ ತಪ್ಪೂ ಇರಲ್ಲ, ತಿದ್ದುಪಡಿಯೂ ಇರಲ್ಲ, ಮೇಷ್ಟ್ರ ಮೇಲಿನ ಆರೋಪ ಮಾತ್ರ ಇರುತ್ತೆ.

ಆ ಹುಡುಗಿಯನ್ನೇ ಕೇಳಿದೆ. ನಿಮಗೆ ಹೇಗೆ ಬೇಕೋ ಹಾಗೆ ಅಂದಳು. ಆಮೇಲೆ, "ಪತ್ರ ಹಾಕೋಕಾಗುತ್ತಾ?" ಅಂತ ಇನ್ನೊಂದು ಮೇಲ್.

ಹಾಕಿಸಿದ್ವಿ. ಹಳೇ ಲೇಖನ ಹಾಗೇ ಇದೆ, ಅದರ ನೆತ್ತಿಯ ಮೇಲೆ ನನ್ನ ಹೆಸರಲ್ಲೇ, ಇದು ಸುಳ್ಳು, ವಿಚಾರಿಸದೆ ಬರೆದೆ ಅಂತ ದಪ್ಪಕ್ಷರದಲ್ಲಿದೆ. ಅದರ ಕೆಳಗೆ ಆ ಪತ್ರದ ಫೋಟೋ. ಫೋಟೋದೊಳಗಿನ ಕೈಬರಹ ಹುಡುಕಿದರೆ ಸಿಗುತ್ತೋ ಇಲ್ಲವೋ ಅಂತ ಇಡೀ ಪತ್ರವನ್ನ ಕೂತು ಟೈಪಿಸಿ ಕೊಟ್ಟೆ, ಯುನಿಕೋಡಲ್ಲೇ. ಈ ಬರಹದಲ್ಲಿ ಮೇಷ್ಟ್ರ ಹೆಸರು ಬೇಕಂತಲೇ ಹಾಕಿಲ್ಲ. ಹಾಕಿದರೆ ಅಕ್ಕಿ ತಿಂದ ಕಥೆ ಇರೋ ಇನ್ನೊಂದು ಪುಟ ಗೂಗಲ್ಲಿಗೆ ಸಿಕ್ಕ ಹಾಗಾಗುತ್ತೆ.

ಹೋದ ವಾರ ಆ ಹುಡುಗಿ ಬರೆದಿದ್ದಳು. ಅಜ್ಜಿಗೆ ತಿದ್ದುಪಡಿ ಓದಿ ಹೇಳಿದಳಂತೆ. ಅಜ್ಜಿ ಎಲ್ಲ ಕೇಳಿಸಿಕೊಂಡು, "ಹಳೇದೂ ಇದ್ಯನೇ ಇನ್ನೂ?" ಅಂದರಂತೆ. ಇವಳು ಇಲ್ಲ ಅಂದಳಂತೆ. ನಾನು ಸರಿ ಮಾಡಿದೆನಾ ಇಲ್ಲವಾ ಅಂತ ಇವತ್ತಿಗೂ ಗೊತ್ತಾಗ್ತಿಲ್ಲ. ಊರಿಗೆ ಹೋದಾಗ ಅಜ್ಜಿಯನ್ನ ನೋಡ್ಕೊಂಡು ಬರಬೇಕು. ಏನಂತ ಮುಖ ತೋರಿಸೋದು ಅಂತಲೇ ಎರಡು ಸಲ ಹೋಗೋದು ತಪ್ಪಿಸಿದೀನಿ.

ಅಂದಹಾಗೆ, "ಕೃಪೆ: ಅಂತರ್ಜಾಲ" ಅಂತ ಹಾಕಿಕೊಂಡು ನಮ್ಮ ನಿಮ್ಮ ಬರಹಗಳನ್ನೆಲ್ಲ ಎತ್ತಿಡುವ ತಾಣದವರನ್ನ ತಲುಪೋದು ಹೇಗೆ ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ತಿಳಿಸಿ. ತಾಣದ ವಿಳಾಸ ಇಲ್ಲಿ ಹಾಕಲ್ಲ, ಕೇಳಿದವರಿಗೆ ಮೇಲ್ ಮಾಡ್ತೀನಿ.