ಉಮ್ಮ ನಟಿಸಲಿಲ್ಲ

ನೆನಪಿನ ಪರೀಕ್ಷೆಯೊಳಗೆ ಇನ್ನೊಂದು ಪರೀಕ್ಷೆಯೂ ಇರುತ್ತದೆ. ಎದುರು ಕೂತವರು ಮನಸ್ಸಿಟ್ಟು ಉತ್ತರಿಸುತ್ತಿದ್ದಾರೋ, ಬೇಕೆಂದೇ ತಪ್ಪುತ್ತಿದ್ದಾರೋ ಎಂದು ನೋಡುವ ಪರೀಕ್ಷೆ ಅದು. ಅಪಘಾತದ ಪರಿಹಾರ, ವಿಮೆಯ ವಿಷಯದಲ್ಲಿ ಅದು ಬೇಕು, ತಪ್ಪಲ್ಲ. ಆದರೆ ಅದು ಎಲ್ಲರಿಗೂ ಒಂದೇ ಅಳತೆಯಾಗುತ್ತದೆಯೇ?

ಉಪ್ಪಳದ ಹತ್ತಿರ ರಿಕ್ಷಾ ಮಗುಚಿ ನನ್ನ ಉಮ್ಮನ ತಲೆಗೆ ಪೆಟ್ಟಾಗಿತ್ತು. ಆರು ತಿಂಗಳಾದರೂ ಒಲೆಯ ಮೇಲೆ ಇಟ್ಟದ್ದನ್ನು ಮರೆಯುತ್ತಿದ್ದರು. ಕೇಸಿಗೆಂದು ಪರೀಕ್ಷೆ ಮಾಡಿಸಿದೆವು. ಒಂದು ಹಾಳೆಯನ್ನು 10 ಸೆಕೆಂಡು ತೋರಿಸಿ, ನೆನಪಿದ್ದಷ್ಟು ಬರೆಯಲು ಹೇಳಿದರು. ಉಮ್ಮ ಬರೆದದ್ದು ಐದು. 'ಸಾಕಷ್ಟು ಪ್ರಯತ್ನವಿಲ್ಲ' ಎಂದು ವರದಿ ಬಂತು.

"ನಾನು ಸುಳ್ಳು ಮಾಡಿದೆ ಎಂದು ಬರೆದಿದ್ದಾರಾ ಮಗಾ?" ಎಂದು ಉಮ್ಮ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅದು ಆಂದ್ರೆ ರೇ ಎಂಬ ಮನಶ್ಶಾಸ್ತ್ರಜ್ಞರ 15 ಗುರುತುಗಳ ಪರೀಕ್ಷೆ. ಸಾಲಿಗೆ ಮೂರರಂತೆ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ, ಅಂಕೆ, ರೋಮನ್ ಅಂಕೆ, ಆಕೃತಿ. ಎಬಿಸಿ ಬಲ್ಲವರಿಗೆ ಇದು ಐದೇ ಸುಲಭದ ಸಾಲು; ಸಾಮಾನ್ಯವಾಗಿ 9ಕ್ಕಿಂತ ಕಡಿಮೆಯಾದರೆ ಸಂಶಯ. ಉಮ್ಮನ ಶಾಲೆ ಎರಡನೇ ಕ್ಲಾಸಿಗೆ ಮುಗಿದಿತ್ತು. ಆಮೇಲೆ ಬೀಡಿ ಕಟ್ಟಲು ಕೂತವರು. ಮದ್ರಸದಲ್ಲಿ ಕಲಿತದ್ದರಿಂದ ಕುರ್‌ಆನನ್ನು ಬಲದಿಂದ ಎಡಕ್ಕೆ ಸರಾಗವಾಗಿ ಓದುತ್ತಾರೆ. ಇಂಗ್ಲಿಷ್ ಅಕ್ಷರಗಳು ಅವರಿಗೆ ಬರೀ ಗೀಟುಗಳು. ಬರೆದ ಐದರಲ್ಲಿ ಮೂರು ಅಂಕೆ, ಎರಡು ಆಕೃತಿ. ಅಂದರೆ ಗುರುತಿದ್ದದ್ದು ನೆನಪಿತ್ತು.

ನಾವು ಒತ್ತಾಯಿಸಿ ಎರಡನೇ ಸಲ ಬೇರೆ ಪರೀಕ್ಷೆ ಮಾಡಿಸಿದೆವು. ಬ್ಯಾರಿ ಬಲ್ಲ ನರ್ಸ್ ಜೊತೆಗಿದ್ದರು. 50 ಚಿತ್ರ ತೋರಿಸಿ, ಆಮೇಲೆ ಎರಡೆರಡು ಚಿತ್ರಗಳಲ್ಲಿ ಮೊದಲು ನೋಡಿದ್ದನ್ನು ಆರಿಸುವುದು. ಅಕ್ಷರವೇ ಬೇಡ. ಎರಡನೇ ಸುತ್ತಿನಲ್ಲಿ 45ಕ್ಕಿಂತ ಕಡಿಮೆಯಾದರೆ ಅನುಮಾನ. ಉಮ್ಮನಿಗೆ 48 ಬಂತು. ಮರೆವಿನ ರೋಗ ಬಲಿತವರು ಇದರಲ್ಲೂ ಹಿಂದೆ ಬೀಳಬಹುದು. ಹಾಗಾಗಿಯೇ ಒಂದೇ ಪರೀಕ್ಷೆಯಲ್ಲಿ ಸೋತದ್ದನ್ನು ನಟನೆ ಎಂದು ತೀರ್ಮಾನಿಸಬಾರದು ಎಂದು ಈ ವಿದ್ಯೆಯವರೇ ಹೇಳುತ್ತಾರೆ. ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷೆಗಳಿಗೆ ವಯಸ್ಸು, ಲಿಂಗ, ಶಿಕ್ಷಣ ನೋಡಿ ಬೇರೆ ಬೇರೆ ಮಾನದಂಡಗಳಿವೆ.

ನಿಮ್ಮ ಮನೆಯ ಹಿರಿಯರನ್ನು ಇಂಥ ಪರೀಕ್ಷೆಗೆ ಕರೆದೊಯ್ಯುವಾಗ ಮೂರು ಸಂಗತಿ ಮೊದಲೇ ಬರೆಸಿ: ಮನೆಮಾತು ಯಾವುದು, ಶಾಲೆ ಎಷ್ಟು ವರ್ಷ, ಯಾವ ಲಿಪಿ ಓದುತ್ತಾರೆ. 'ಅನಕ್ಷರಸ್ಥೆ' ಎಂಬ ಒಂದೇ ಪದದೊಳಗೆ ನಮ್ಮ ಉಮ್ಮಂದಿರ ಓದು ಹಿಡಿಸುವುದಿಲ್ಲ.